ಬ್ರೇಕು ಕೀಂಯ್ ಅಂದಾಗ

ದಿನಾ ಮಳವಳ್ಳಿಯಿಂದ ಮದ್ದೂರಿಗೆ ನಾನೇ ಕಾರು ಓಡಿಸ್ಕಂಡು ಹೋಗದು ನಿಮ್ಗೆ ಗೊತ್ತಲ್ಲ ಅಕ್ಕ. ಹೋದ್ ವಾರ ಬ್ರೇಕ್ ಒತ್ತುದ್ರೆ ಮುಂದಿನ ಚಕ್ರ ಕೀಂಯ್ ಅನ್ನದು. ಮೆಕ್ಯಾನಿಕ್ ಬಿಚ್ಚಿ ತೋರುಸ್ದ, ಪ್ಯಾಡು 3 ಮಿಲಿಮೀಟರ್‌ಗಿಂತ ತೆಳ್ಳಗಾಗಿತ್ತು. ಸವೆದಾಗ ಕೂಗ್ಲಿ ಅಂತ್ಲೇ ಅದ್ರಲ್ಲಿ ಒಂದು ತಗಡು ಇಟ್ಟಿರ್ತಾರಂತೆ.

"ಅಗ್ಗದ್ದು ಹಾಕ್ಸು" ಅಂದ್ರು ಇವ್ರು. ಕೆ.ಎಂ. ದೊಡ್ಡಿ ಸಕ್ಕರೆ ಫ್ಯಾಕ್ಟರಿ ತಾವ ಕಬ್ಬಿನ ಟ್ರ್ಯಾಕ್ಟ್ರು ಗಕ್ಕನೆ ನಿಂತ್ಕತವೆ, ಹಿಂದಿನ ಸೀಟಲ್ಲಿ ಮಗ ಇರ್ತಾನೆ. ನಾನು ಒಪ್ನಿಲ್ಲ. ಹಂಗಂತ ದುಬಾರಿ ಸೆರಾಮಿಕ್ಕೂ ಬ್ಯಾಡ ಅಂದೆ. ಕಾರ್ ಕಂಪ್ನಿಯವ್ರು ಹೇಳಿರೋ ನಂಬರಿನ ಪ್ಯಾಡನ್ನೇ ಮುಂದಿನ ಎಲ್ಡು ಚಕ್ರಕ್ಕೂ ಒಟ್ಗೆ ಹಾಕುಸ್ದೆ.

ಹೊರಡೋ ಮುಂಚೆ ಪೆಡಲ್ಲು ನಾಕೈದು ಸಲ ಒತ್ತಿ, ಗಟ್ಟಿಯಾಯ್ತಾ ನೋಡ್ಕಳಿ. ಹೊಸ್ದು ಕೂರೋಗಂಟ ಒಸಿ ಮೆಲ್ಲಗೆ ಹೋಗಿ. ಕೀಂಯ್ ಅಂದ್ರೆ ಇನ್ನೊಂದ್ ವಾರ ಓಡ್ಲಿ ಅನ್ಬ್ಯಾಡಿ ಕಣಕ್ಕ, ಡಿಸ್ಕೂ ಹೋಯ್ತದೆ.