ಐದು ಬಂತು ಅಂದಿದ್ದಕ್ಕೆ ಅಮ್ಮ ಮೈಸೂರ್‌ಪಾಕ್ ಹಂಚಿದಳು

ಜರ್ಮನಿಯಲ್ಲಿ 5 ಬಂದರೆ ಫೇಲ್ ಅಂತ ತಿಪಟೂರಿನಲ್ಲಿ ಕೂತಿರೋ ಅಮ್ಮನಿಗೆ ಹೇಗೆ ಗೊತ್ತಾಗಬೇಕು ಹೇಳಿ!

ಇಲ್ಲಿ ಅಂಕಗಳ ಲೆಕ್ಕವೇ ಉಲ್ಟಾ. 1.0 ಅಂದರೆ ಅತ್ಯುತ್ತಮ, 4.0 ಅಂದರೆ ಹೇಗೋ ಪಾಸು, 5.0 ಅಂದರೆ ಡುಮ್ಕಿ. ಮೊದಲ ಸೆಮಿಸ್ಟರಿನ ರಿಸಲ್ಟ್ ಬಂದ ದಿನ ವಿಡಿಯೋ ಕಾಲ್‌ನಲ್ಲಿ ಅಮ್ಮ, "ಎಷ್ಟು ಬಂತು ಪುಟ್ಟಿ?" ಅಂದಳು. "ಒಂದರಲ್ಲಿ ಐದು ಬಂತಮ್ಮ" ಅಂದೆ. ಮುಂದಿನ ಮಾತಿಗೆ ಗಂಟಲು ಕಟ್ಟಿತು. ಅಷ್ಟರಲ್ಲಿ ಅಮ್ಮ "ರೀ, ಐದಕ್ಕೆ ಐದಂತೆ!" ಅಂತ ಅಪ್ಪನನ್ನು ಕೂಗಿಯೂ ಆಗಿತ್ತು. ತಿದ್ದಬೇಕಿತ್ತು. ತಿದ್ದಲಿಲ್ಲ. ಮಾರನೇ ದಿನ ಅಕ್ಕಪಕ್ಕದ ಮನೆಗಳಿಗೆ ಮೈಸೂರ್‌ಪಾಕ್ ಹೋಯಿತು.

ನಾನು ಮಾಸ್ಟರ್ಸ್ ಓದುತ್ತಿರೋದು ಕೆಮ್ನಿಟ್ಸ್ ಎಂಬ ಊರಲ್ಲಿ. ಊರ ನಡುವೆ ಕಾರ್ಲ್ ಮಾರ್ಕ್ಸ್‌ನ ತಲೆಯದ್ದೊಂದು ದೊಡ್ಡ ಶಿಲ್ಪವಿದೆ, ತಲೆಯೊಂದೇ 7 ಮೀಟರ್ ಎತ್ತರ! ಬಂದ ಹೊಸದರಲ್ಲಿ ಅದರ ಮುಂದೆ ನಿಂತು ಫೋಟೋ ಕಳಿಸಿದ್ದೆ. "ಯಾರೇ ಈ ಗಡ್ಡದಜ್ಜ?" ಅಂದಳು ಅಮ್ಮ. "ಮಾರ್ಕ್ಸ್ ಕಣಮ್ಮ" ಅಂದೆ. "ಓ, ಮಾರ್ಕ್ಸ್ ಕೊಡೋ ದೇವರಾ?" ಅಂತ ಅಮ್ಮ ಕೈಮುಗಿದಳು. ಅಂಥ ಫೋಟೋಗಳು ಮಾತ್ರ ಮನೆಗೆ ಹೋಗುತ್ತಿದ್ದವು.

ಹೋಗದೇ ಇದ್ದದ್ದು ಬೇರೆ. ವೀಸಾಕ್ಕೆ ಅಂತ 11,904 ಯೂರೋ ಬ್ಲಾಕ್ಡ್ ಅಕೌಂಟಿನಲ್ಲಿ ಇಟ್ಟು ಬಂದಿದ್ದೆ. ಅದು ನಮ್ಮದೇ ದುಡ್ಡಾದರೂ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಸಿಗುತ್ತೆ. ಬಾಡಿಗೆ, ಆರೋಗ್ಯ ವಿಮೆ, ದಿನಸಿ ಅಂತ ಅದು ಕರಗುತ್ತೆ. ಇದು ಒಂದು ವರ್ಷದ ಮಾತು. ಎರಡನೇ ವರ್ಷ ಇಲ್ಲಿರಬೇಕಾದರೆ ಖರ್ಚಿಗೆ ಹಣವಿದೆ ಅಂತ ಮತ್ತೆ ತೋರಿಸಬೇಕು. ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವರು. ಇದ್ದ ಒಂದು ಸೈಟನ್ನು ಅಡವಿಟ್ಟು ನನ್ನನ್ನು ಕಳಿಸಿದ್ದರು. ಇನ್ನೇನು ಕೇಳಲಿ?

ಹಾಗಾಗಿ ವಾರಕ್ಕೆ ಮೂರು ರಾತ್ರಿ ಪಾರ್ಸೆಲ್ ಗೋದಾಮಿನಲ್ಲಿ ಕೆಲಸ. ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ದುಡಿಯಬಹುದು ಅನ್ನುತ್ತೆ ಇಲ್ಲಿನ ಕಾನೂನು. ಮೈಯ ಕಾನೂನು ಬೇರೆ ಇರುತ್ತೆ ನೋಡಿ! ಬೆಳಗಿನ ಜಾವ ರೂಮಿಗೆ ಬಂದು ಬಿದ್ದರೆ ಏಳುವಾಗ ಹನ್ನೊಂದು. ಆಗ ತಿಪಟೂರಿನಲ್ಲಿ ಮಧ್ಯಾಹ್ನ ಮೂರೂವರೆ. ಕ್ಲಾಸ್ ಮುಗಿಸಿ ಬಂದಿದ್ದೀನಿ ಅಂತ ಅಮ್ಮ ಅಂದುಕೊಳ್ಳುತ್ತಿದ್ದಳು. ಕೆಲಸ ಲೈಬ್ರರಿಯಲ್ಲಿ ಅಂತ ಹೇಳಿದ್ದೆ. ಪುಸ್ತಕ ಮುಟ್ಟಿದರೆ ನಿದ್ದೆ ಬರುತ್ತಿತ್ತು ಅನ್ನೋದಷ್ಟೇ ಆ ಮಾತಿನಲ್ಲಿದ್ದ ಸತ್ಯ.

ಏಪ್ರಿಲ್‌ನಲ್ಲಿ ಒಂದು ಫೋನ್ ಬಂತು. ನಮ್ಮ ಬೀದಿಯ ಹುಡುಗ. ನಂಬರ್ ಕೊಟ್ಟವಳು ಅಮ್ಮನೇ. "ಅಕ್ಕ, ನೀವು ಕೆಲಸ ಮಾಡ್ಕೊಂಡೇ ಐದಕ್ಕೆ ಐದು ತಗೊಂಡ್ರಂತೆ. ಪಾರ್ಟ್‌ಟೈಮಲ್ಲೇ ಎಲ್ಲಾ ಖರ್ಚು ತೂಗಿಸ್ಬಹುದಲ್ವಾ? ಅಪ್ಪ ತೋಟ ಅಡ ಇಡ್ತಿದ್ದಾರೆ."

ನನಗೆ ಕೈ ತಣ್ಣಗಾಯಿತು. ನನ್ನ ಸುಳ್ಳು ನಮ್ಮ ಮನೆಯೊಳಗೇ ಇದೆ ಅಂದುಕೊಂಡಿದ್ದೆ. ಅದು ಬೀದಿ ದಾಟಿ ಇನ್ನೊಬ್ಬರ ತೋಟದವರೆಗೂ ಹೋಗಿತ್ತು.

ಅವನಿಗೆ ಎಲ್ಲಾ ಹೇಳಿದೆ. ಎರಡೂ ವರ್ಷದ ಖರ್ಚಿಗೆ ದಾರಿ ನೋಡಿಕೊಳ್ಳದೆ ಹೊರಡಬೇಡ. ಪಾಠ ಇಂಗ್ಲಿಷ್‌ನಲ್ಲಿರಬಹುದು, ಆದರೆ ಅಂಗಡಿಯಲ್ಲಿ ಬಿಲ್ ಹಾಕೋ ಕೆಲಸಕ್ಕೂ ಜರ್ಮನ್ ಬೇಕು. ಅದು ಬರದಿದ್ದರೆ ನನ್ನ ಹಾಗೆ ಗೋದಾಮೇ ಗತಿ. ಊರಲ್ಲೇ ಒಂದು ವರ್ಷ ಕೂತು ಭಾಷೆ ಕಲಿ, ಆಮೇಲೆ ಬಾ. ಕೊನೆಗೆ, "ಐದು ಅಂದ್ರೆ ಇಲ್ಲಿ ಫೇಲು ಕಣೋ" ಅಂದೆ.

ಅವನಿಗೆ ಹೇಳಿದ ಮೇಲೆ ಅಮ್ಮನಿಗೆ ಹೇಳದೆ ಉಳಿಯೋಕೆ ಆಗುತ್ತಾ? ಅದೇ ಸಂಜೆ ಫೋನ್ ಮಾಡಿದೆ. ಗೋದಾಮು, ನಿದ್ದೆ, ಐದು, ಎಲ್ಲಾ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಆ ಕಡೆಯಿಂದ ಕುಕ್ಕರ್ ಎರಡು ಸಲ ಕೂಗಿತು. ಅಮ್ಮ ಮಾತಾಡಲಿಲ್ಲ. ಫೋನ್ ಅಪ್ಪನ ಕೈಗೆ ಹೋಯಿತು.

"ಮೂಟೆ ಹೊರೋರನ್ನ ದಿನಾ ನೋಡ್ತೀನಮ್ಮ ನಾನು. ಸೈಟು ಅಡ ಇಟ್ಟಿದ್ದು ನೀನು ಓದ್ಲಿ ಅಂತ" ಅಂದರು. ಅಷ್ಟೇ. ಅವರು ಬೈದಿದ್ದರೆ ಹಗುರವಾಗುತ್ತಿತ್ತು.

ಸ್ವಲ್ಪ ಹೊತ್ತಿಗೆ ಅಮ್ಮ ಮತ್ತೆ ಬಂದಳು. "ಇನ್ನೊಂದ್ಸಲ ಬರೀಬಹುದಾ?"

"ಬರೀಬಹುದಮ್ಮ."

"ಸರಿ. ಎಷ್ಟು ಬಂದ್ರೆ ಸಿಹಿ ಹಂಚ್ಬೇಕು ಅಂತ ಈಗ್ಲೇ ಹೇಳ್ಬಿಡು."

ಈಗ ವಾರಕ್ಕೆ ಒಂದೇ ರಾತ್ರಿ ಕೆಲಸ. ಸಂಜೆ ಹೊತ್ತು ಜರ್ಮನ್ ಕ್ಲಾಸ್. ಭಾನುವಾರ ಇಲ್ಲಿ ಸೂಪರ್ ಮಾರ್ಕೆಟ್‌ಗಳೆಲ್ಲ ಬಾಗಿಲು ಹಾಕಿರುತ್ತವೆ. ಎಲ್ಲೂ ಹೋಗೋ ಹಾಗಿಲ್ಲ. ಅವತ್ತು ಅಪ್ಪ ಪುಸ್ತಕ ಪೆನ್ನು ಹಿಡಿದು ವಿಡಿಯೋ ಕಾಲ್‌ಗೆ ಬರುತ್ತಾರೆ, ಎರಡನೇ ವರ್ಷದ ಲೆಕ್ಕ ಹಾಕುತ್ತೇವೆ. ಲೆಕ್ಕ ಇನ್ನೂ ಕೂಡಿಬಂದಿಲ್ಲ. ಆದರೆ ಮೂವರೂ ಸೇರಿ ಕೂಡಿಸುತ್ತಿದ್ದೇವೆ. ಆ ಹುಡುಗ ತುಮಕೂರಿನಲ್ಲಿ ಕೆಲಸಕ್ಕೆ ಸೇರಿ ಆನ್‌ಲೈನ್‌ನಲ್ಲಿ ಜರ್ಮನ್ ಕಲಿಯುತ್ತಿದ್ದಾನೆ. ತೋಟ ಅವರ ಕೈಯಲ್ಲೇ ಇದೆ.

ಮರುಪರೀಕ್ಷೆಯ ರಿಸಲ್ಟ್ ಮೊನ್ನೆ ಬಂತು. 2.7.

"ಎರಡೂ ಚಿಲ್ರೆ!" ಅಮ್ಮ ಅನುಮಾನದಿಂದ ಕೇಳಿದಳು, "ಹಂಚ್ಬಹುದಾ?"

"ಧೈರ್ಯವಾಗಿ ಹಂಚಮ್ಮ" ಅಂದೆ.