ಬ್ರಾಂಚ್ ಬಂದ್ ಆದ ಮೇಲೆ

ಕುಕ್ಕುಂದೂರು
23 ನವೆಂಬರ್ 2025, ಆದಿತ್ಯವಾರ

ಶುಕ್ರವಾರದಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಸುದ್ದಿ ಓದಿದ ಕೂಡಲೇ ಹುಡುಕಿದ್ದು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯ ಗತಿ ಏನಾಯಿತೆಂದು. ಅದು ರದ್ದಾಗಿದೆ. ಅದರ ಒಂದಷ್ಟು ಭಾಗ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆಯೊಳಗೆ ಸೇರಿಕೊಂಡಿದೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯೂ ಹೋಯಿತು. ಮೊದಲು ನೂರು ಜನ ಕೆಲಸಗಾರರಿದ್ದ ಕಾರ್ಖಾನೆಯನ್ನು ಮುಚ್ಚಲು ಸರಕಾರದ ಅನುಮತಿ ಬೇಕಿತ್ತು, ಈಗ ಮುನ್ನೂರು ಜನ ಇರಬೇಕು.

ಮನೆಯ ಜಗಲಿಯಲ್ಲಿ ಕೂತು ಬೀಡಿ ಕಟ್ಟುವವರಿಗೆ ನೂರಾದರೇನು, ಮುನ್ನೂರಾದರೇನು? ನಮ್ಮ ಓಣಿಯ ಹೆಂಗಸರು ಎಲೆ ತರುತ್ತಿದ್ದ ಬ್ರಾಂಚ್ ದೀಪಾವಳಿಗೆ ಮೊದಲೇ ಬಂದ್ ಆಯಿತು. ನೋಟಿಸ್ ಇಲ್ಲ. "ಎಲೆ ಬರ್ಲಿಲ್ಲ, ಬಂದ್ರೆ ಹೇಳ್ತೇವೆ" ಎಂದರಂತೆ. ಬಾಕಿ ತುಟ್ಟಿಭತ್ಯೆ ಕೇಳಲು ಇವರೆಲ್ಲ ಒಟ್ಟಾಗಿ ಯೂನಿಯನ್ ಮೀಟಿಂಗಿಗೆ ಹೋಗಿ ಬಂದ ಮೇಲೆ ಆದದ್ದು ಇದು. ಸ್ವಲ್ಪ ದೂರದ ಇನ್ನೊಂದು ಬ್ರಾಂಚಿನಲ್ಲಿ ಅದೇ ಮಾರ್ಕಿನ ಬೀಡಿಗೆ ಎಲೆ, ಹೊಗೆಸೊಪ್ಪಿನ ಹುಡಿ ಎರಡೂ ಸಿಗುತ್ತಿವೆ. ಮೀಟಿಂಗಿಗೆ ಹೋದವರಿಗೆ ಮಾತ್ರ ಇಲ್ಲ.

26 ನವೆಂಬರ್, ಬುಧವಾರ

ಹಕ್ಕು ಕೇಳಿದರೆ ಕೆಲಸವನ್ನೇ ನಿಲ್ಲಿಸುವುದು ಇಂದಿನ ಉಪಾಯವಲ್ಲ. ಕೇರಳ ಸರಕಾರ 1968ರ ಅಕ್ಟೋಬರಿನಲ್ಲಿ ಬೀಡಿ ಕಾಯ್ದೆಯನ್ನು ಜಾರಿಗೆ ತಂದಿತು. ಕೂಲಿ, ರಜೆ, ಕೆಲಸದ ಜಾಗ, ಎಲ್ಲದಕ್ಕೂ ಲೆಕ್ಕ ಕೊಡಬೇಕಾಯಿತು. ಕಣ್ಣೂರಿನಲ್ಲಿ ಸಾವಿರಾರು ಜನರಿಗೆ ಕೆಲಸ ಕೊಟ್ಟಿದ್ದ ಮಂಗಳೂರು ಗಣೇಶ ಬೀಡಿ ಅಲ್ಲಿನ ಕೆಲಸವನ್ನೇ ನಿಲ್ಲಿಸಿತು. ಸುಮಾರು 12,000 ಮಂದಿ ಬೀದಿಗೆ ಬಿದ್ದರು. ಕಣ್ಣೂರಿನ ಬೀಡಿ ಕೆಲಸಗಾರರೆಂದರೆ ಕಟ್ಟುತ್ತಾ ಕಟ್ಟುತ್ತಾ ಒಬ್ಬನಿಂದ ಪತ್ರಿಕೆ ಓದಿಸಿ ಕೇಳಿದವರು, ಒಂದೇ ಸೂರಿನಡಿ ಕೂತು ಯೂನಿಯನ್ ಕಟ್ಟಿದವರು. ಅವರು ಸುಮ್ಮನಾಗಲಿಲ್ಲ. 1969ರ ಫೆಬ್ರವರಿಯಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು. ಜಿ.ಕೆ. ಪಣಿಕ್ಕರ್ ಅದರ ಮೊದಲ ಅಧ್ಯಕ್ಷರು. ಎಂಬತ್ತರ ದಶಕದಲ್ಲಿ ಅದರಲ್ಲಿ 40,000ಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು.

ನಮ್ಮ ಕಡೆ ಹಾಗೆ ಆಗಲಿಲ್ಲ. ಇಲ್ಲಿ ಸೂರೇ ಇರಲಿಲ್ಲ. ಕೆಲಸ ಮನೆಮನೆಗೆ ಹಂಚಿ ಹೋಗಿತ್ತು, ನಡುವೆ ಕಂಟ್ರಾಕ್ಟರ್. ಒಬ್ಬಳಿಗೆ ಆದದ್ದು ಇನ್ನೊಬ್ಬಳಿಗೆ ಗೊತ್ತಾಗುವುದು ಬ್ರಾಂಚಿನ ಕ್ಯೂನಲ್ಲಿ ನಿಂತಾಗ ಮಾತ್ರ. ಆ ಕ್ಯೂವನ್ನೂ ಇಲ್ಲವಾಗಿಸಿದರೆ ಮತ್ತೆ ಸಂಘ ಎಲ್ಲಿಂದ? ಮನೆಗೆ ಕೆಲಸ ಕೊಡುವುದನ್ನು ಉಪಕಾರ ಎಂದು ಹೇಳುವವರ ಮಾತು ನನಗೆ ಒಪ್ಪಿಗೆಯಿಲ್ಲ. ಮಕ್ಕಳನ್ನು ನೋಡಿಕೊಂಡು ನಾಲ್ಕು ಕಾಸು ಸಂಪಾದಿಸಿದ್ದು ನಿಜ. ಕರೆಂಟು, ಜಾಗ, ಕತ್ತರಿ, ಬೆನ್ನುನೋವು ಎಲ್ಲವೂ ಅವರದೇ ಎಂಬುದೂ ಅಷ್ಟೇ ನಿಜ.

29 ನವೆಂಬರ್, ಶನಿವಾರ

ಹಳೆಯ ಕಾಯ್ದೆಯನ್ನು ಕೂತು ಓದಿದೆ. ಕೈಗಾರಿಕಾ ವಿವಾದಗಳ ಕಾಯ್ದೆಯ ಐದನೇ ಅನುಸೂಚಿಯಲ್ಲಿ ಮಾಲೀಕರ ಅನುಚಿತ ನಡವಳಿಕೆಗಳ ಪಟ್ಟಿಯಿದೆ. ಯೂನಿಯನ್ ಕಟ್ಟಿದರೆ ಮುಚ್ಚುತ್ತೇವೆಂದು ಬೆದರಿಸುವುದು ತಪ್ಪು. ಖಾಯಂ ಸ್ವರೂಪದ ಕೆಲಸವನ್ನು ನಿಲ್ಲಿಸಿ ಕಂಟ್ರಾಕ್ಟರಿಗೆ ಒಪ್ಪಿಸುವುದೂ ತಪ್ಪು, ಆದರೆ ಅದು ಮುಷ್ಕರ ಮುರಿಯಲು ಮಾಡಿದ್ದಾಗಿರಬೇಕು. ಶಿಕ್ಷೆ ಆರು ತಿಂಗಳ ತನಕ ಜೈಲು, ಇಲ್ಲವೇ ಸಾವಿರ ರೂಪಾಯಿ ತನಕ ದಂಡ, ಅಥವಾ ಎರಡೂ. ಹೊಸ ಸಂಹಿತೆಯಲ್ಲೂ ಪಟ್ಟಿ ಉಳಿದಿದೆ, ದಂಡ ಕನಿಷ್ಠ 10,000, ಗರಿಷ್ಠ ಎರಡು ಲಕ್ಷ ರೂಪಾಯಿಗೆ ಏರಿದೆ. ಮುಷ್ಕರವನ್ನೇ ಹೂಡದ, ಬರೀ ಮೀಟಿಂಗಿಗೆ ಹೋಗಿ ಬಂದ ಹೆಂಗಸಿನ ಕೆಲಸ ಕಸಿದರೆ ಆ ಎರಡನೆಯ ಮಾತು ಅವಳಿಗೆ ಒದಗುವುದಿಲ್ಲ. ಇದು ಕಾನೂನಿನ ದೊಡ್ಡ ಕೊರತೆ.

ಆದರೆ 1966ರ ಕಾಯ್ದೆ ಅವಳನ್ನು ಕಂಡಿತ್ತು. ಎಲೆ, ಹುಡಿ ಪಡೆದು ಮನೆಯಲ್ಲಿ ಕಟ್ಟುವವಳೂ ಕಾರ್ಮಿಕಳೇ ಎಂದಿತು. ಕಂಟ್ರಾಕ್ಟರ್ ಯಾರಿಗಾಗಿ ಬೀಡಿ ಕಟ್ಟಿಸುತ್ತಾನೋ ಅವನೇ ಪ್ರಧಾನ ಮಾಲೀಕ ಎಂದಿತು. ಮಂಗಳೂರು ಗಣೇಶ ಬೀಡಿ ಮತ್ತಿತರರು ಕಾಯ್ದೆಯನ್ನೇ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 1974ರಲ್ಲಿ ನ್ಯಾಯಾಲಯ ಕಾಯ್ದೆಯನ್ನು ಎತ್ತಿಹಿಡಿಯಿತು. ಚೆಕ್ ಮಾಡುವಾಗ ನೂರಕ್ಕೆ ಐದಕ್ಕಿಂತ ಹೆಚ್ಚು ಬೀಡಿಯನ್ನು ಸಾಮಾನ್ಯವಾಗಿ ತಿರಸ್ಕರಿಸಬಾರದೆಂಬ ನಮ್ಮ ರಾಜ್ಯದ ನಿಯಮವೂ ಉಳಿಯಿತು. ಮುಂದೆ ಪಿ.ಎಂ. ಪಟೇಲ್ ಪ್ರಕರಣದಲ್ಲಿ ಮನೆಯಲ್ಲಿ ಕಟ್ಟುವವರಿಗೂ ಪಿಎಫ್ ಸಲ್ಲಬೇಕೆಂದು ಅದೇ ನ್ಯಾಯಾಲಯ ಹೇಳಿತು.

ಬೀಡಿ ಕಾಯ್ದೆಯ 31ನೇ ಕಲಮನ್ನು ಎರಡೆರಡು ಸಲ ಓದಿದೆ. ಆರು ತಿಂಗಳು ದುಡಿದವರನ್ನು ಸಕಾರಣವಿಲ್ಲದೆ ತೆಗೆಯುವಂತಿಲ್ಲ. ಕಾರಣವಿದ್ದರೂ ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲವೇ ಆ ತಿಂಗಳ ಕೂಲಿ. ಬ್ರಾಂಚ್ ಬಂದ್ ಆದದ್ದು ಅಕ್ಟೋಬರಿನಲ್ಲಿ, ಕಾಯ್ದೆ ಜೀವಂತವಿದ್ದಾಗ. ಆಗ ಹುಟ್ಟಿದ ಹಕ್ಕು ಕಾಯ್ದೆ ರದ್ದಾದ ಮಾತ್ರಕ್ಕೆ ಸಾಯುವುದಿಲ್ಲ.

2 ಡಿಸೆಂಬರ್, ಮಂಗಳವಾರ

ಸಂಜೆ ಆಚೆಮನೆ ಅಕ್ಕ ಬಂದಿದ್ದರು. "ದಾನೆ ಮಲ್ಪುನಿ?" ಎಂದು ಕೂತರು. ಏನು ಮಾಡುವುದು ಎಂದು ಅವರು ಕೇಳಿದ್ದು ದುಡ್ಡಿನ ಬಗ್ಗೆ ಮಾತ್ರ ಅಲ್ಲ. "ನಾವು ಕಂಪೆನಿಯವರೇ ಅಲ್ಲ ಅಂತ ಹೇಳ್ತಾರೆ ಮಾರಾಯ್ತಿ. ಇಷ್ಟು ವರ್ಷ ಕಟ್ಟಿದ್ದು ಯಾರಿಗೆ ಹಾಗಾದ್ರೆ?"

ಅವರ ಲಾಗ್ ಬುಕ್ ಕೇಳಿದೆ. ತಂದು ತೋರಿಸಿದರು. ತಾರೀಕು, ಕೊಟ್ಟ ಎಲೆ, ತಂದ ಬೀಡಿ, ಎಲ್ಲ ಇದೆ. ಅವರ ಪ್ರಶ್ನೆಗೆ ಉತ್ತರ ಅದರಲ್ಲೇ ಇತ್ತು. ಇನ್ನಿಬ್ಬರು ಪುಸ್ತಕವನ್ನು ಬ್ರಾಂಚಿನವರಿಗೇ ವಾಪಸ್ ಕೊಟ್ಟಿದ್ದಾರಂತೆ, "ಹೊಸತು ಕೊಡ್ತೇವೆ" ಎಂದ ಮಾತಿಗೆ. ಕೇಳಿ ಹೊಟ್ಟೆ ಉರಿಯಿತು.

5 ಡಿಸೆಂಬರ್, ಶುಕ್ರವಾರ

ಅರ್ಜಿ ಬರೆದಾಯಿತು. ಸೋಮವಾರ ಎಲ್ಲರೂ ಕಾರ್ಕಳದ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗುವುದು, ಸ್ವೀಕೃತಿ ಸಹಿ ಹಾಕಿಸಿಕೊಳ್ಳದೆ ಬರುವುದಿಲ್ಲ. ಅರ್ಜಿಯಲ್ಲಿ ಕಂಟ್ರಾಕ್ಟರನ ಹೆಸರಿನ ಮೇಲೆಯೇ ಮಾರ್ಕಿನ ಮಾಲೀಕರ ಹೆಸರು ಹಾಕಿದ್ದೇನೆ.

ಹೋಗುವ ಮೊದಲು ಪ್ರತಿ ಮನೆಗೂ ಹೇಳಬೇಕಾದ ಮಾತು: ಲಾಗ್ ಬುಕ್ಕನ್ನು ಯಾರು ಕೇಳಿದರೂ ಕೊಡಬೇಡಿ. ಜೆರಾಕ್ಸ್ ಬೇಕಾದರೆ ಕೊಡಿ, ಪುಸ್ತಕ ನಿಮ್ಮ ಹತ್ತಿರವೇ ಇರಲಿ.