ಶಸ್ತ್ರಚಿಕಿತ್ಸೆಗೆ ಮುನ್ನಿನ ಅಂಜಿಕೆ

ಗರ್ಭಕೊರಳಿನ ಜೀವಕೋಶಗಳಲ್ಲಿ ಮಾರ್ಪಾಡು ಕಂಡುಬಂದಿದೆ, ಶಸ್ತ್ರಚಿಕಿತ್ಸೆ ಮಾಡಬೇಕು ಎಂದು ವೈದ್ಯರು ತಿಳಿಸಿದಾಗ ನನ್ನ ಕಿವಿಗೆ ಬಿದ್ದುದು ‘ಕ್ಯಾನ್ಸರ್’ ಎಂಬ ಒಂದೇ ಶಬ್ದ. ಅವರು ಆ ಶಬ್ದವನ್ನು ಆಡಿಯೇ ಇರಲಿಲ್ಲ.

ಸಂತಪುರಕ್ಕೆ ಮರಳಿದ ಮೇಲೆ ಎಂಟು ದಿನ ಯಾರೊಡನೆಯೂ ಬಾಯಿಬಿಡಲಿಲ್ಲ. ನಮ್ಮಲ್ಲಿ ಜ್ವರವನ್ನು ಅಂಗಳದಲ್ಲಿ ನಿಂತು ಹೇಳಬಹುದು. ಗರ್ಭಕೋಶದ ಬೇನೆಯನ್ನು ಮಾತ್ರ ಸೆರಗಿನಲ್ಲಿ ಮುಚ್ಚಬೇಕು! ನಿದ್ರೆಗೆಟ್ಟುದನ್ನು ಕಂಡು ನೆಗೆಣ್ಣಿಯೇ ವಿಚಾರಿಸಿದಳು. “ಅಂಜಿಕಿ ಬಂದದ್ದೆಲ್ಲಾ ಚೀಟಿಯಾಗ ಬರೀರಿ ಅಕ್ಕಾ, ಡಾಕ್ಟರಮ್ಮಗ ಕೇಳೋಣಂತ” ಎಂದಳು.

ಬೀದರಿನಲ್ಲಿ ಆ ಚೀಟಿಗೆ ಉತ್ತರ ದೊರೆಯಿತು. ಇದು ಕ್ಯಾನ್ಸರ್ ಅಲ್ಲ. ಹಾಗೆಯೇ ಬಿಟ್ಟರೆ ಮುಂದೆ ಆಗಬಹುದಾದುದು, ಅದಕ್ಕೂ ಸಾಮಾನ್ಯವಾಗಿ ಹಲವು ವರ್ಷಗಳೇ ಬೇಕು. ಗರ್ಭಕೋಶವನ್ನು ತೆಗೆಯುವುದಿಲ್ಲ, ಆ ಜಾಗಕ್ಕೆ ಮರಗಟ್ಟುವ ಸೂಜಿ ಕೊಟ್ಟು, ವಿದ್ಯುತ್ತು ಹರಿಯುವ ಬಳೆಯಾಕಾರದ ತೆಳುತಂತಿಯಿಂದ ಕೆಟ್ಟ ಭಾಗವನ್ನಷ್ಟೇ ಕತ್ತರಿಸುವರು. ಮೂಲಕಾರಣ ಎಚ್.ಪಿ.ವಿ. ಎಂಬ ವೈರಸ್ಸು. ಇದನ್ನು ತೋರಿಸಿಕೊಟ್ಟ ಜರ್ಮನಿಯ ಹರಾಲ್ಡ್ ತ್ಸೂರ್ ಹೌಸೆನ್ನರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ದೇಹಸಂಪರ್ಕದಿಂದ ಹರಡುವ ಇದು ಸಂಸಾರಸ್ಥರಲ್ಲಿ ಅತಿ ಸಾಮಾನ್ಯ. ಬಹುಮಟ್ಟಿಗೆ ತಾನಾಗಿ ಶಮನವಾಗುವುದು. ಹೀಗಿರಲು ಇಲ್ಲಿ ಶೀಲದ ಮಾತೆತ್ತುವವರನ್ನು ಕಂಡರೆ ನನಗೆ ಸಿಟ್ಟು.

ಅಂಜಿಕೆ ಹೋಯಿತೇ ಎನ್ನುವಿರಿ. ಇಲ್ಲ, ಮೇಜಿನ ಮೇಲೆ ಮಲಗಿದಾಗಲೂ ಕಾಲುಗಳು ನಡುಗಿದವು. ಆದರೆ ಯಾವುದಕ್ಕೆ ಅಂಜುತ್ತಿರುವೆನೆಂಬುದು ತಿಳಿದಿತ್ತು. ಬಾಗಿಲ ಹೊರಗೆ ನೆಗೆಣ್ಣಿ ಕುಳಿತಿದ್ದಳು. ಆರು ತಿಂಗಳಿಗೆ ಮರುಪರೀಕ್ಷೆಯಿದೆ. ಆ ದಿನ ತಾನೂ ಪರೀಕ್ಷೆ ಮಾಡಿಸಿಕೊಳ್ಳುವೆನೆಂದಿದ್ದಾಳೆ.